ನಿನ್ನೆ 34 ಡಿಗ್ರಿ ಬಿಸಿಲು, ಇಂದು ಹಿಮ: ಶರತ್ಕಾಲದ ‘ಕೋಲ್ಡ್ ಫ್ರಂಟ್’ ಎಂದರೇನು? ಅದರ ಬಗ್ಗೆ ನಾವು ತಪ್ಪು ತಿಳಿದಿರುವುದೇನು?

2020ರ ಸೆಪ್ಟೆಂಬರ್ 7. ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ನಗರದಲ್ಲಿ ಅಂದಿನ ಗರಿಷ್ಠ ಉಷ್ಣಾಂಶ ಸುಮಾರು 34 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಎರಡು ದಿನ ಮೊದಲು 38 ಡಿಗ್ರಿ ದಾಟಿತ್ತು. ರಾಜ್ಯದ ಉತ್ತರದ ಬೆಟ್ಟಗಳಲ್ಲಿ ಕಾಳ್ಗಿಚ್ಚು ಉರಿಯುತ್ತಿತ್ತು. ಮರುದಿನ, ಸೆಪ್ಟೆಂಬರ್ 8ರಂದು, ಅದೇ ಡೆನ್ವರ್‌ನಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿದು ಹಿಮ ಬಿತ್ತು.

ಅದೇ ದಿನಗಳಲ್ಲಿ, ಅದೇ ದೇಶದ ಪಶ್ಚಿಮದ ಆರೆಗಾನ್ ರಾಜ್ಯದಲ್ಲಿ ಬಿರುಗಾಳಿಗೆ ಸಿಕ್ಕ ಬೆಂಕಿ ಊರೂರನ್ನೇ ಸುಟ್ಟಿತು. 4,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು.

ಒಂದು ಕಡೆ ಹಿಮ, ಇನ್ನೊಂದು ಕಡೆ ಬೆಂಕಿ. ಎರಡರ ಹಿಂದೆಯೂ ಇದ್ದದ್ದು ಉತ್ತರದಿಂದ, ಕೆನಡಾ ಕಡೆಯಿಂದ ಇಳಿದುಬಂದ ಒಂದೇ ತಣ್ಣನೆಯ ಗಾಳಿ. ಅದರ ಮುಂಚೂಣಿಯನ್ನೇ ಹವಾಮಾನ ತಜ್ಞರು ‘ಕೋಲ್ಡ್ ಫ್ರಂಟ್’ ಎನ್ನುತ್ತಾರೆ. ನಮ್ಮ ಭೂಗೋಳದ ಪುಸ್ತಕಗಳ ಮಾತಿನಲ್ಲಿ ಶೀತ ವಾಯುಮುಖ. ಇದು ಹೇಗೆ ಕೆಲಸ ಮಾಡುತ್ತದೆ, ಇದರಿಂದ ಯಾರಿಗೆ ಅಪಾಯ, ಇದರ ಸುತ್ತ ಇರುವ ತಪ್ಪು ಕಲ್ಪನೆಗಳೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೋಲ್ಡ್ ಫ್ರಂಟ್ ಎಂದರೇನು?

ಫ್ರಿಜ್ ಬಾಗಿಲು ತೆಗೆದಾಗ ತಂಪು ಮೊದಲು ತಾಗುವುದು ಪಾದಗಳಿಗೆ. ಕಾರಣ ಸರಳ: ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಗಿಂತ ಹೆಚ್ಚು ಸಾಂದ್ರ, ಅಂದರೆ ಭಾರ. ಅದು ಕೆಳಗೆ ಇಳಿದು ನೆಲಕ್ಕಂಟಿಕೊಂಡು ಹರಿಯುತ್ತದೆ.

ಇದನ್ನೇ ಸಾವಿರಾರು ಕಿಲೋಮೀಟರ್ ಅಳತೆಯಲ್ಲಿ ಊಹಿಸಿಕೊಳ್ಳಿ. ಧ್ರುವದ ಕಡೆಯಿಂದ ಬಂದ ತಣ್ಣನೆಯ ಗಾಳಿ, ಬೆಚ್ಚಗಿನ ಗಾಳಿಯ ಅಡಿಗೆ ಬೆಣೆಯಂತೆ ನುಗ್ಗುತ್ತದೆ. ಬೆಚ್ಚಗಿನ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಮೇಲೇರಿದಂತೆ ಅದು ತಣಿಯುತ್ತದೆ, ಅದರಲ್ಲಿದ್ದ ನೀರಾವಿ ಮೋಡವಾಗುತ್ತದೆ, ಮಳೆಯೋ ಹಿಮವೋ ಆಗಿ ಬೀಳುತ್ತದೆ. ಈ ಎರಡು ಗಾಳಿಗಳು ಸೇರುವ ಗಡಿಯೇ ‘ಫ್ರಂಟ್’.

ಈ ಹೆಸರಿಗೊಂದು ಕಥೆಯಿದೆ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ನಾರ್ವೆಯ ಬರ್ಗೆನ್ ನಗರದಲ್ಲಿ ವಿಲ್‌ಹೆಲ್ಮ್ ಬ್ಯರ್ಕ್ನೆಸ್, ಅವರ ಮಗ ಯಾಕೋಬ್ ಬ್ಯರ್ಕ್ನೆಸ್ ಮತ್ತು ಅವರ ಜೊತೆಗಾರರು ಹವಾಮಾನದ ನಕ್ಷೆಗಳನ್ನು ಅಧ್ಯಯನ ಮಾಡುತ್ತಿದ್ದರು. ಎರಡು ಬಗೆಯ ಗಾಳಿಗಳು ಎದುರುಬದುರಾಗುವ ಗೆರೆ ಅವರಿಗೆ ಎರಡು ಸೈನ್ಯಗಳ ಯುದ್ಧದ ಗಡಿಯಂತೆ ಕಂಡಿತು. ‘ಫ್ರಂಟ್’ ಎಂಬ ಯುದ್ಧದ ಪದ ಹವಾಮಾನ ಶಾಸ್ತ್ರಕ್ಕೆ ಬಂದದ್ದು ಹೀಗೆ.

ಶರತ್ಕಾಲದಲ್ಲೇ ಏಕೆ ಇಷ್ಟು ಜೋರು?

ಸೆಪ್ಟೆಂಬರ್ ನಂತರ ಉತ್ತರ ಧ್ರುವದ ಕಡೆ ಹಗಲು ಬೇಗ ಬೇಗ ಕಿರಿದಾಗುತ್ತದೆ, ಅಲ್ಲಿನ ಗಾಳಿ ತಣಿಯುತ್ತದೆ. ಆದರೆ ದಕ್ಷಿಣದ ನೆಲ ಮತ್ತು ಸಮುದ್ರ ಬೇಸಿಗೆಯ ಬಿಸಿಯನ್ನು ಇನ್ನೂ ಹಿಡಿದಿಟ್ಟುಕೊಂಡಿರುತ್ತವೆ. ಎರಡರ ನಡುವಿನ ಉಷ್ಣಾಂಶದ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಹೊಳೆ ಬಲಗೊಳ್ಳುತ್ತದೆ, ದಕ್ಷಿಣಕ್ಕೆ ಸರಿಯುತ್ತದೆ. ಅದು ಆಳವಾಗಿ ಬಳುಕಿದಾಗ ಧ್ರುವದ ಕಡೆಯ ಗಾಳಿ ದಕ್ಷಿಣಕ್ಕೆ ಇಳಿಯಲು ದಾರಿ ಸಿಗುತ್ತದೆ.

ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನಮಗೆ ಇದರ ಅನುಭವವಿಲ್ಲ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದೇವೆ. ನಮ್ಮಲ್ಲಿ ಋತು ಬದಲಾಗುವುದು ಮುಖ್ಯವಾಗಿ ಗಾಳಿಯ ತೇವದಿಂದ, ಮುಂಗಾರು ಹಿಂಗಾರುಗಳಿಂದ. ಒಂದೇ ರಾತ್ರಿಯಲ್ಲಿ 30 ಡಿಗ್ರಿ ಇಳಿಯುವುದನ್ನು ನಮ್ಮ ಮೈ ಕಂಡಿಲ್ಲ. ಓದಲು, ಕೆಲಸಕ್ಕೆ, ಚಾರಣಕ್ಕೆಂದು ತಂಪು ನಾಡುಗಳಿಗೆ ಹೋದಾಗ ನಾವು ಎಡವುವುದು ಇಲ್ಲಿಯೇ.

ಬೆಟ್ಟದಲ್ಲಿ ಹಿಮ ಏಕೆ ಹೆಚ್ಚು?

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಪಶ್ಚಿಮ ಘಟ್ಟ ಸಾಕು. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಆಗುಂಬೆಯಲ್ಲಿ ಮಳೆ ಸುರಿಸುತ್ತದೆ. ಘಟ್ಟದ ಆಚೆ ಚಳ್ಳಕೆರೆಗೆ ತಲುಪುವಾಗ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ರಾಕಿ ಪರ್ವತಗಳಲ್ಲೂ ನಡೆಯುವುದು ಇದೇ. ಫ್ರಂಟ್ ಈಗಾಗಲೇ ಗಾಳಿಯನ್ನು ಎತ್ತಿರುತ್ತದೆ, ಬೆಟ್ಟ ಅದನ್ನು ಇನ್ನಷ್ಟು ಎತ್ತುತ್ತದೆ.

ಜೊತೆಗೆ ಎತ್ತರಕ್ಕೆ ಹೋದಂತೆ ಉಷ್ಣಾಂಶ ಇಳಿಯುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ. ತಪ್ಪಲಿನ ಊರಲ್ಲಿ 10 ಡಿಗ್ರಿಯಿದ್ದು ಜಡಿಮಳೆ ಬೀಳುತ್ತಿದ್ದರೆ, 2,000 ಮೀಟರ್ ಮೇಲಿನ ಕಣಿವೆಮಾರ್ಗದಲ್ಲಿ ಹಿಮವೇ ಬೀಳುತ್ತಿರುತ್ತದೆ. ಸ್ಥೂಲ ಲೆಕ್ಕದಲ್ಲಿ 1 ಸೆಂಟಿಮೀಟರ್ ಮಳೆಯ ನೀರು 10 ಸೆಂಟಿಮೀಟರ್ ಹಿಮಕ್ಕೆ ಸಮ. ಊರಲ್ಲಿ ‘ಸಾಧಾರಣ ಮಳೆ’ ಎನಿಸಿದ್ದು ಬೆಟ್ಟದಲ್ಲಿ ದಾರಿಯನ್ನೇ ಮುಚ್ಚಬಲ್ಲದು.

ಶರತ್ಕಾಲದ ಹಿಮಕ್ಕೆ ಇನ್ನೊಂದು ಗುಣವಿದೆ. ಮರಗಳಲ್ಲಿ ಎಲೆ ಇನ್ನೂ ಉದುರಿರುವುದಿಲ್ಲ, ಬೀಳುವ ಹಿಮವೂ ಒದ್ದೆ, ಭಾರ. ಎಲೆಗಳ ಮೇಲೆ ಅದು ಕೂತರೆ ಕೊಂಬೆಗಳು ಮುರಿದು ವಿದ್ಯುತ್ ತಂತಿಗಳ ಮೇಲೆ ಬೀಳುತ್ತವೆ. ಜನವರಿಯಲ್ಲಿ ಸಲೀಸಾಗಿ ಸಹಿಸುವಷ್ಟು ಹಿಮವೇ ಸೆಪ್ಟೆಂಬರ್‌ನಲ್ಲಿ ಊರನ್ನು ಕತ್ತಲಲ್ಲಿಡಬಹುದು.

ಅದೇ ಗಾಳಿ ಬೆಂಕಿ ಹಬ್ಬಿಸಿದ್ದು ಹೇಗೆ?

ಫ್ರಂಟ್‌ನ ಹಿಂದೆ ಬರುವ ಭಾರದ ಗಾಳಿಯಿಂದ ಅಲ್ಲಿನ ವಾಯುಭಾರ ಏರುತ್ತದೆ. ಪಕ್ಕದಲ್ಲಿ ವಾಯುಭಾರ ಕಡಿಮೆಯಿದ್ದರೆ ಗಾಳಿ ಆ ಕಡೆಗೆ ರಭಸದಿಂದ ನುಗ್ಗುತ್ತದೆ. ಸೆಪ್ಟೆಂಬರ್ 8ರಂದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಹೀಗೆ ಬೀಸಿದ ಗಾಳಿಗೆ ಸಾವಿರಕ್ಕೂ ಹೆಚ್ಚು ಮರಗಳು ಬುಡಮೇಲಾದವು.

ಆರೆಗಾನ್‌ನಲ್ಲಿ ಈ ಗಾಳಿ ಪೂರ್ವದಿಂದ ಕ್ಯಾಸ್ಕೇಡ್ ಪರ್ವತಸಾಲನ್ನು ದಾಟಿ ಪಶ್ಚಿಮದ ಕಣಿವೆಗಳಿಗೆ ಇಳಿಯಿತು. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಪ್ರತಿ 1,000 ಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ, ಒಣಗುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದೂ ಇದೇ ಕಾರಣಕ್ಕೆ. ಬೇಸಿಗೆಯಿಡೀ ಒಣಗಿದ್ದ ಕಾಡಿಗೆ ಬಿರುಸಾದ ಒಣಗಾಳಿ ತಾಗಿದಾಗ, ಮೊದಲೇ ಉರಿಯುತ್ತಿದ್ದ ಕಿಚ್ಚುಗಳೂ ಹೊಸದಾಗಿ ಹೊತ್ತಿದ ಕಿಚ್ಚುಗಳೂ ಗಂಟೆಗಳಲ್ಲಿ ಮೈಲಿಗಟ್ಟಲೆ ಹಬ್ಬಿದವು. ಡೆಟ್ರಾಯಿಟ್, ಬ್ಲೂ ರಿವರ್, ಟ್ಯಾಲೆಂಟ್, ಫೀನಿಕ್ಸ್ ಎಂಬ ಪುಟ್ಟ ಊರುಗಳು ಅದಕ್ಕೆ ಸಿಕ್ಕವು.

ತಪ್ಪು ಕಲ್ಪನೆಗಳು ಮತ್ತು ವಾಸ್ತವ

‘ಹಿಮ ಬಿದ್ದರೆ ಕಾಳ್ಗಿಚ್ಚು ಆರುತ್ತದೆ.’ ಕೊಲರಾಡೋದ ಕ್ಯಾಮರಾನ್ ಪೀಕ್ ಕಾಳ್ಗಿಚ್ಚಿನ ಮೇಲೆ ಸೆಪ್ಟೆಂಬರ್ 8 ಮತ್ತು 9ರಂದು ಕೆಲವೆಡೆ 20ರಿಂದ 35 ಸೆಂಟಿಮೀಟರ್ ಹಿಮ ಬಿತ್ತು. ಬೆಂಕಿ ತಗ್ಗಿತು, ಆರಲಿಲ್ಲ. ದಪ್ಪ ಮರದ ದಿಮ್ಮಿಗಳ ಒಳಗೆ, ತರಗೆಲೆಯ ಅಡಿಯಲ್ಲಿ ಕೆಂಡ ಉಳಿದಿತ್ತು. ಹಿಮ ಕರಗಿ ಮತ್ತೆ ಒಣಗಾಳಿ ಬೀಸಿದಾಗ ಅದು ಮರಳಿ ಎದ್ದಿತು. ಕೊನೆಗೆ 2 ಲಕ್ಷ ಎಕರೆಗೂ ಹೆಚ್ಚು ಕಾಡು ಸುಟ್ಟು, ಆ ರಾಜ್ಯದ ದಾಖಲೆಯಲ್ಲೇ ಅತಿ ದೊಡ್ಡ ಕಾಳ್ಗಿಚ್ಚಾಯಿತು. ಅದನ್ನು ಪೂರ್ತಿ ಹತೋಟಿಗೆ ತಂದದ್ದು ಡಿಸೆಂಬರ್‌ನಲ್ಲಿ.

‘ಸೆಪ್ಟೆಂಬರ್‌ನಲ್ಲೇ ಹಿಮ ಬಿತ್ತು, ಹಾಗಾದರೆ ಭೂಮಿ ಬಿಸಿಯಾಗುತ್ತಿದೆ ಎಂಬುದು ಸುಳ್ಳು.’ ಒಂದು ಫ್ರಂಟ್ ಎಂಬುದು ಒಂದೆರಡು ದಿನದ ಹವೆ. ಹವಾಮಾನ ಬದಲಾವಣೆ ಎಂಬುದು ದಶಕಗಳ ಸರಾಸರಿ. ನಾಸಾ ಲೆಕ್ಕದಲ್ಲಿ, ಡೆನ್ವರ್‌ನಲ್ಲಿ ಬೇಗ ಹಿಮ ಬಿದ್ದ ಅದೇ 2020, ಅಲ್ಲಿಯವರೆಗಿನ ಅತಿ ಬಿಸಿ ವರ್ಷವೆಂಬ 2016ರ ದಾಖಲೆಯನ್ನು ಸರಿಗಟ್ಟಿತು. 1961ರಲ್ಲಿ ಡೆನ್ವರ್‌ನಲ್ಲಿ ಸೆಪ್ಟೆಂಬರ್ 3ರಂದೇ ಹಿಮ ಬಿದ್ದಿತ್ತು. ಒಂದು ದಿನದ ಹಿಮದಿಂದ ಯಾವ ಕಡೆಯ ವಾದವೂ ಗೆಲ್ಲುವುದಿಲ್ಲ.

‘ವಿಂಡ್ ಚಿಲ್ ಮೈನಸ್ 8 ಎಂದರೆ ಎಲ್ಲವೂ ಮೈನಸ್ 8ಕ್ಕೆ ಇಳಿಯುತ್ತದೆ.’ ಇಲ್ಲ. ವಿಂಡ್ ಚಿಲ್ ಎಂಬುದು ಗಾಳಿ ಬೀಸುವಾಗ ಬರಿಮೈಯಿಂದ ಶಾಖ ಎಷ್ಟು ಬೇಗ ಕಳೆದುಹೋಗುತ್ತದೆ ಎಂಬುದರ ಅಂದಾಜು. ಉಷ್ಣಾಂಶ 0 ಡಿಗ್ರಿ, ಗಾಳಿ ಗಂಟೆಗೆ 50 ಕಿಲೋಮೀಟರ್ ಇದ್ದರೆ ಮೈಗೆ ಸುಮಾರು ಮೈನಸ್ 8ರ ಚಳಿ ಅನಿಸುತ್ತದೆ. ಹೊರಗೆ ನಿಲ್ಲಿಸಿದ ಕಾರು ಬೇಗ ತಣಿಯುತ್ತದೆ, ಆದರೆ 0 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಮನುಷ್ಯನ ಕಥೆ ಬೇರೆ. ನಮ್ಮ ದೇಹ 37 ಡಿಗ್ರಿ ಕಾಯ್ದುಕೊಳ್ಳಲು ಸದಾ ಶಾಖ ತಯಾರಿಸುತ್ತಿರಬೇಕು. ಗಾಳಿ ಅದನ್ನು ಕದಿಯುತ್ತಲೇ ಇರುತ್ತದೆ.

‘ಚಳಿಗೆ ಒಂದು ಪೆಗ್ ಬ್ರಾಂದಿ ಒಳ್ಳೆಯದು.’ ಬಹುಶಃ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ಬೆಚ್ಚಗಾದಂತೆ ಅನಿಸುತ್ತದೆ. ನಿಜದಲ್ಲಿ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ಅಪಾಯವನ್ನು ಗುರುತಿಸುವ ಬುದ್ಧಿಯೂ ಮಂಕಾಗುತ್ತದೆ.

ಚಳಿಯೊಂದೇ ಅಲ್ಲ, ಚಳಿ–ಗಾಳಿ–ಒದ್ದೆ

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹೆಪ್ಪುಗಟ್ಟಿಸುವ ಚಳಿಯೇ ಬೇಕೆಂದಿಲ್ಲ. ಬಟ್ಟೆ ಒದ್ದೆಯಾಗಿ, ಗಾಳಿ ಬೀಸುತ್ತಿದ್ದರೆ ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲೂ ಆಗಬಹುದು. ಹತ್ತಿ ಬಟ್ಟೆ ಒದ್ದೆಯಾದರೆ ಮೈಗಂಟಿಕೊಂಡು ಶಾಖ ಹೀರುತ್ತದೆ. ಕೋಲ್ಡ್ ಫ್ರಂಟ್ ತರುವುದು ಇದೇ ಜೋಡಣೆಯನ್ನು: ಮೊದಲು ಮಳೆ, ಆಮೇಲೆ ಗಾಳಿ, ಆಮೇಲೆ ಹಿಮ. ಮಳೆಯಲ್ಲಿ ತೊಯ್ದವರಿಗೆ ಬಟ್ಟೆ ಒಣಗಿಸಿಕೊಳ್ಳುವಷ್ಟೂ ಬಿಡುವು ಸಿಗುವುದಿಲ್ಲ.

ಮೊದಲ ಲಕ್ಷಣ ಜೋರು ನಡುಕ. ಮುಂದೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಕೈಯಿಂದ ವಸ್ತುಗಳು ಜಾರುತ್ತವೆ. ನಡುಕ ನಿಂತರೆ ಸುಧಾರಿಸಿತು ಎಂದುಕೊಳ್ಳಬಾರದು, ದೇಹ ಸೋಲುತ್ತಿರುವ ಸೂಚನೆಯಾಗಿರಬಹುದು. ಅಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ, ಕಂಬಳಿ ಹೊದಿಸಬೇಕು. ಪೂರ್ಣ ಎಚ್ಚರವಿದ್ದರೆ ಮಾತ್ರ ಬಿಸಿ, ಸಿಹಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕಬಾರದು. ಬೇಗ ವೈದ್ಯಕೀಯ ನೆರವು ಪಡೆಯಬೇಕು.

ಇದು ದೂರದ ದೇಶದ ಮಾತಷ್ಟೇ ಅಲ್ಲ. ಹಿಮಾಲಯದಲ್ಲಿ ಅಕ್ಟೋಬರ್ ಎಂದರೆ ತಿಳಿ ಆಕಾಶ, ಚಾರಣದ ಕಾಲ ಎಂಬ ನಂಬಿಕೆಯಿದೆ. 2014ರ ಅಕ್ಟೋಬರ್‌ನಲ್ಲಿ, ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಉಳಿಕೆಯೇ ನೇಪಾಳದ ಅನ್ನಪೂರ್ಣ ಸುತ್ತಿನ ಮೇಲೆ ಭಾರೀ ಹಿಮವಾಗಿ ಬಿದ್ದು 40ಕ್ಕೂ ಹೆಚ್ಚು ಮಂದಿ ಸತ್ತರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಕರ್ನಾಟಕದಿಂದ ಹೊರಟ ತಂಡದ 9 ಮಂದಿ ಬಿರುಗಾಳಿ, ಹಿಮಕ್ಕೆ ಸಿಕ್ಕಿ ತೀರಿಕೊಂಡದ್ದು ನಮ್ಮ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಇವೆರಡೂ ಶರತ್ಕಾಲದ ಕೋಲ್ಡ್ ಫ್ರಂಟ್‌ಗಳಲ್ಲ, ಹುಟ್ಟಿದ ಬಗೆ ಬೇರೆ. ಆದರೆ ಬೆಟ್ಟದ ಮೇಲಿದ್ದವರಿಗೆ ಎದುರಾದದ್ದು ಅದೇ: ಎತ್ತರ, ಗಾಳಿ, ಹಿಮ.

ಮುನ್ಸೂಚನೆಯನ್ನು ಓದುವುದು ಹೇಗೆ?

ಮೊಬೈಲಿನಲ್ಲಿ ಹವಾಮಾನ ನೋಡುವಾಗ ನಮ್ಮ ಕಣ್ಣು ಮೊದಲು ಹೋಗುವುದು ಅಂದಿನ ಗರಿಷ್ಠ ಉಷ್ಣಾಂಶಕ್ಕೆ. ಫ್ರಂಟ್ ಬರುವ ದಿನ ಈ ಒಂದು ಅಂಕಿ ನಮ್ಮನ್ನು ದಾರಿತಪ್ಪಿಸುತ್ತದೆ. ಬೆಳಗಿನ ಜಾವ ಫ್ರಂಟ್ ಹಾದುಹೋದರೆ ಆ ದಿನದ ‘ಗರಿಷ್ಠ’ ನಡುರಾತ್ರಿ 12ಕ್ಕೇ ದಾಖಲಾಗಿರಬಹುದು. ಆಮೇಲೆ ಹಗಲಿಡೀ ಚಳಿ ಏರುತ್ತಲೇ ಹೋಗುತ್ತದೆ. ಅದರ ಬದಲು ಈ ನಾಲ್ಕು ಸಂಗತಿ ನೋಡಿ:

• ದಿನದ ಲೆಕ್ಕ ಬಿಟ್ಟು ಗಂಟೆ ಗಂಟೆಯ ಉಷ್ಣಾಂಶ ನೋಡಿ. ಅದು ಎಷ್ಟು ಹೊತ್ತಿಗೆ ಕುಸಿಯುತ್ತದೆ?

• ಗಾಳಿಯ ಸರಾಸರಿ ವೇಗದ ಜೊತೆಗೆ ರಭಸದ ಬೀಸು ಎಷ್ಟು? ಗಾಳಿಯ ದಿಕ್ಕು ಯಾವಾಗ ಬದಲಾಗುತ್ತದೆ?

• ಮುನ್ಸೂಚನೆ ಯಾವ ಎತ್ತರದ್ದು? ತಪ್ಪಲಿನ ಊರಿನದೋ, ನೀವು ಹೋಗಬೇಕಾದ ಜಾಗದ್ದೋ?

• ಸ್ಥಳೀಯ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿದೆಯೇ?

ಡೆನ್ವರ್‌ನ ಹಿಮ ಯಾರಿಗೂ ಹೇಳದೆ ಬಂದದ್ದಲ್ಲ. ಅಲ್ಲಿನ ಹವಾಮಾನ ಇಲಾಖೆ ದಿನಗಳ ಮೊದಲೇ ಮುನ್ಸೂಚನೆ ಕೊಟ್ಟಿತ್ತು. ಆದರೆ 38 ಡಿಗ್ರಿ ಬಿಸಿಲಲ್ಲಿ ಬೆವರುತ್ತಾ ನಿಂತವರಿಗೆ ‘ಮಂಗಳವಾರ ಹಿಮ’ ಎಂದರೆ ನಂಬುವುದು ಕಷ್ಟ. ನಿಮ್ಮ ಮನೆಯವರೋ ಗೆಳೆಯರೋ ಈ ಶರತ್ಕಾಲದಲ್ಲಿ ಅಂಥ ಬೆಟ್ಟದ ಕಡೆ ಹೊರಟಿದ್ದರೆ, ಹೊರಡುವ ದಿನದ ಬಿಸಿಲು ನೋಡಿ ಚೀಲ ತುಂಬಬೇಡಿ ಎಂದು ಹೇಳಿ. ಒಂದು ಜೊತೆ ಒಣ ಉಣ್ಣೆಬಟ್ಟೆ, ಗಾಳಿ ಮಳೆ ತಡೆಯುವ ಒಂದು ಜಾಕೆಟ್ ಇರಲಿ. ಮೋಡ ಕವಿದು ಗಾಳಿಯ ದಿಕ್ಕು ಬದಲಾದರೆ ಅರ್ಧ ದಾರಿಯಲ್ಲೇ ಹಿಂದಿರುಗುವ ಮನಸ್ಸೂ ಇರಲಿ.