ಇ-ಮೇಲ್ ತಂತ್ರಾಂಶದ ಸ್ಥಗಿತ: ದುರಸ್ತಿಗೆ ಮುನ್ನ ದಾಖಲೆ

ವರ್ತಕರ ಕಚೇರಿಗಳಲ್ಲಿ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಇದ್ದಕ್ಕಿದ್ದಂತೆ ಮುಚ್ಚಿಹೋದಾಗ ನಡೆಯುವುದು ಬಹುಮಟ್ಟಿಗೆ ಒಂದೇ. ಗುಮಾಸ್ತರು ಮತ್ತೆ ತೆರೆಯುತ್ತಾರೆ. ಮೂರನೆಯ ಬಾರಿಯೂ ಮುಚ್ಚಿದರೆ ರಿಪೇರಿಯವರಿಗೆ ‘ಮೇಲ್ ಹೋಗಿದೆ’ ಎಂದು ದೂರವಾಣಿ ಮಾಡುತ್ತಾರೆ. ಬಂದವರು ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿ ಹೊರಡುತ್ತಾರೆ. ಈ ಪರಿಪಾಠವನ್ನು ಕೈಬಿಡುವುದು ಅತ್ಯಗತ್ಯ.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 169ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದೂ ನೋಟಿಸು ಜಾರಿಯ ಮಾನ್ಯ ವಿಧಾನಗಳಲ್ಲೊಂದು. ತಂತ್ರಾಂಶ ಕೆಟ್ಟಿತ್ತೆಂಬ ಸಮಜಾಯಿಷಿಯಿಂದ ಉತ್ತರದ ಗಡುವು ತಾನಾಗಿ ನಿಲ್ಲದು. ಇನ್ನು ಕಂಪನಿಗಳು 2013ರ ಕಂಪನಿ ಅಧಿನಿಯಮದ 128ನೆಯ ಕಲಮಿನನ್ವಯ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಸಂಬಂಧಪಟ್ಟ ವೋಚರುಗಳೊಂದಿಗೆ ಕಾಪಾಡಬೇಕು. ಬಿಲ್ಲು, ಖರೀದಿ ಆದೇಶ, ದರದ ಒಪ್ಪಿಗೆಗಳೆಲ್ಲ ಇ-ಮೇಲಿನಲ್ಲೇ ಬರುತ್ತಿರುವಾಗ ಆ ಕಡತ ಅಳಿದರೆ ಉಳಿಯುವುದೇನು?

ಪಿಓಪಿ ವಿಧಾನದಲ್ಲಿ ಪತ್ರಗಳನ್ನು ಇಳಿಸಿಕೊಳ್ಳುವವರಿಗೆ ಅಪಾಯ ಹೆಚ್ಚು. ಸರ್ವರಿನಲ್ಲಿ ಪ್ರತಿ ಉಳಿಸುವಂತೆ ಸೂಚಿಸದಿದ್ದರೆ ಇರುವ ಏಕೈಕ ಪ್ರತಿ ಆ ಒಂದು ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಕಡತದ ಗಾತ್ರವೂ ಮುಖ್ಯ. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿ ಕಡತಕ್ಕೆ 2 ಜಿಬಿ ಮಿತಿಯಿತ್ತು. 2003ರ ಹೊಸ ವಿನ್ಯಾಸದಲ್ಲಿ ಅದು 20 ಜಿಬಿಗೆ, 2010ರ ಆವೃತ್ತಿಯಲ್ಲಿ 50 ಜಿಬಿಗೆ ಏರಿತು. ಆದರೆ ಹಳೆಯ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದ ಮಾತ್ರಕ್ಕೆ ಅದರ ವಿನ್ಯಾಸ ಬದಲಾಗದು. ಸಂಸ್ಥೆಯ ಆರಂಭದ ದಿನಗಳ ಕಡತವನ್ನೇ ಮುಂದುವರಿಸಿಕೊಂಡು ಬಂದವರು ಇದನ್ನು ಗಮನಿಸುವುದು ಒಳಿತು.

ತಂತ್ರಾಂಶ ಕುಸಿದಾಗ ಮೊದಲು ಅದನ್ನು ಪೂರ್ಣವಾಗಿ ಮುಚ್ಚಿ, ಪತ್ರಗಳ ಕಡತವನ್ನು ಬೇರೆ ಡಿಸ್ಕಿಗೆ ನಕಲಿಸಬೇಕು. ಔಟ್‌ಲುಕ್‌ನ ಸ್ಕ್ಯಾನ್‌ಪಿಎಸ್‌ಟಿ ಎಂಬ ದುರಸ್ತಿ ಸಾಧನ ಮೂಲ ಕಡತವನ್ನೇ ತಿದ್ದುವುದರಿಂದ ನಕಲಿಲ್ಲದೆ ಅದನ್ನು ಚಾಲನೆ ಮಾಡುವುದು ಸಾಹಸವೇ ಸರಿ. ಬಳಿಕ ಸೇಫ್ ಮೋಡಿನಲ್ಲಿ ತೆರೆದು ನೋಡಬೇಕು. ಥಂಡರ್‌ಬರ್ಡ್‌ನಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ಆರಂಭಿಸಿದರೆ ಇಂಥದೇ ಸ್ಥಿತಿ ದೊರೆಯುತ್ತದೆ. ಆಗ ಸುಗಮವಾಗಿ ನಡೆದರೆ ಅನುಮಾನ ಹೊರಗಿನಿಂದ ಸೇರಿಸಿದ ಆ್ಯಡ್-ಇನ್‌ಗಳ ಮೇಲೆ ಬೀಳುತ್ತದೆ. ಅವುಗಳನ್ನು ಒಂದೊಂದಾಗಿ ಸೇರಿಸುತ್ತ ಬಂದರೆ ತಪ್ಪಿತಸ್ಥ ಸಿಗಬಹುದು.

ವರದಿ ಮಾಡುವ ಕೆಲಸವನ್ನಂತೂ ನಮ್ಮ ಕಚೇರಿಗಳು ಕಡೆಗಣಿಸಿವೆ. ‘ಮೇಲ್ ಹೋಗಿದೆ’ ಎಂಬ ದೂರು ತಾರೀಖೂ ಮೊಬಲಗೂ ಇಲ್ಲದ ವೋಚರಿನಂತೆ. ದಿನಾಂಕ, ವೇಳೆ, ಆವೃತ್ತಿಯ ಸಂಖ್ಯೆ, ಆಗ ಮಾಡುತ್ತಿದ್ದ ಕೆಲಸ, ತೆರೆಯ ಮೇಲೆ ಬಂದ ಸಂದೇಶದ ಯಥಾವತ್ ಪಾಠ, ಇಷ್ಟನ್ನು ಬರೆದಿಡಲು ಐದು ನಿಮಿಷ ಸಾಕು. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಯಾವ ಭಾಗ ಕುಸಿಯಿತೆಂಬ ಹೆಸರು ಸಾಮಾನ್ಯವಾಗಿ ದೊರೆಯುತ್ತದೆ. ಥಂಡರ್‌ಬರ್ಡ್ ಕಳುಹಿಸಿದ ವರದಿಗೆ ‘ಬಿಪಿ-’ ಎಂದು ಆರಂಭವಾಗುವ ಗುರುತು ಬೀಳುತ್ತದೆ. ತಂತ್ರಜ್ಞರಿಗೆ ಅದನ್ನು ನೀಡಿದರೆ ಊಹೆಯ ಕೆಲಸ ತಪ್ಪುತ್ತದೆ.

ವರದಿಯೊಂದಿಗೆ ವ್ಯವಹಾರದ ಗುಟ್ಟು ಹೊರಹೋದೀತೆಂಬ ಅಳುಕು ಕೆಲವರಿಗಿದೆ. ಸ್ಮೃತಿಯ ತುಣುಕುಗಳು ಅದರಲ್ಲಿ ಸೇರಬಹುದಾದ್ದರಿಂದ ಅದು ನಿರಾಧಾರವಲ್ಲ. ಸೂಕ್ಷ್ಮ ಪತ್ರ ತೆರೆದಿದ್ದಾಗ ಕುಸಿದರೆ ವರದಿಯನ್ನು ತಡೆಹಿಡಿಯಬಹುದು. ಉಳಿದಂತೆ ಕಳುಹಿಸುವುದೇ ಲೇಸು.

ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಒಂದು ಷರತ್ತನ್ನು ಸೇರಿಸಬೇಕು: ಪತ್ರಗಳ ಕಡತವನ್ನು ನಕಲಿಸಿ, ಆ ನಕಲು ತೆರೆಯುವುದೆಂದು ಮಾಲೀಕರಿಗೆ ತೋರಿಸಿ, ಸಹಿ ಪಡೆಯದೆ ಯಾವ ಯಂತ್ರವನ್ನೂ ಫಾರ್ಮ್ಯಾಟ್ ಮಾಡತಕ್ಕದ್ದಲ್ಲ.