ಓಟಗಾರನೊಡನೆ ಓಡಿದ ಚಿತ್ರ

ಕ್ರೀಡಾಂಗಣದೊಳಗಿನ ಪಂದ್ಯವೊಂದನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸುವುದು ಅಷ್ಟೇನೂ ದುಸ್ಸಾಧ್ಯವಲ್ಲ. ಕ್ಯಾಮರಾಗಳು ಗೊತ್ತಾದ ಸ್ಥಳಗಳಲ್ಲಿ ನಿಂತಿರುತ್ತವೆ. ಅವು ಹಿಡಿದ ಚಿತ್ರ ತಂತಿಯ ಮೂಲಕ ಹರಿದುಹೋಗುತ್ತದೆ. ಮ್ಯಾರಥಾನ್ ಓಟದ ರೀತಿಯೇ ಬೇರೆ. ಅದು 42 ಕಿಲೋಮೀಟರ್ 195 ಮೀಟರ್ ಉದ್ದದ ಬೀದಿಯ ಓಟ. ಓಡುವವರ ಬೆನ್ನಿಗೆ ಅಷ್ಟುದ್ದದ ತಂತಿಯನ್ನು ಎಳೆದುಕೊಂಡು ಹೋಗುವವರು ಯಾರು?

ಜಪಾನಿನ ಎನ್.ಎಚ್.ಕೆ. ಪ್ರಸಾರ ಸಂಸ್ಥೆ 1964ರ ಅಕ್ಟೋಬರ್ 21ರಂದು ಈ ಪ್ರಶ್ನೆಗೆ ಉತ್ತರ ನೀಡಿತು. ಅಂದು ಟೋಕಿಯೋ ಒಲಿಂಪಿಕ್ ಮ್ಯಾರಥಾನ್ ಓಟವು ಆದಿಯಿಂದ ಅಂತ್ಯದವರೆಗೆ ನೇರವಾಗಿ ಪ್ರಸಾರವಾಯಿತು.

ಚಲಿಸುವ ವಾಹನದಲ್ಲಿ ಕ್ಯಾಮರಾ ಇರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಚಿತ್ರವನ್ನು ಹೊತ್ತೊಯ್ಯುವ ಸೂಕ್ಷ್ಮ ತರಂಗಗಳು ಬೆಳಕಿನಂತೆ ನೇರ ಹಾದಿಯನ್ನೇ ಹಿಡಿಯುತ್ತವೆ. ನಡುವೆ ಎತ್ತರದ ಕಟ್ಟಡವೋ ಸೇತುವೆಯೋ ಅಡ್ಡ ಬಂದರೆ ಚಿತ್ರ ಕಡಿದುಹೋಗುತ್ತದೆ. ನಗರದ ಬೀದಿಯಲ್ಲಿ ಇಂಥ ಅಡ್ಡಿಗಳಿಗೆ ಕೊರತೆಯೇ? ಆದುದರಿಂದ ನೆಲದ ಮೇಲೆ ಸಿಗದ ಹಾದಿಯನ್ನು ತಂತ್ರಜ್ಞರು ಆಕಾಶದಲ್ಲಿ ಹುಡುಕಿದರು. ವಾಹನವು ಚಿತ್ರವನ್ನು ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿಗೆ ಕಳುಹಿಸಿತು. ಹೆಲಿಕಾಪ್ಟರು ಅದನ್ನು ನಗರದ ಸ್ವೀಕಾರ ಕೇಂದ್ರಕ್ಕೆ ದಾಟಿಸಿತು.

ಹೇಳಲು ಸುಲಭ, ನಡೆಸಲು ಕಷ್ಟ. ಕೆಳಗೆ ವಾಹನ ಚಲಿಸುತ್ತದೆ, ಮೇಲೆ ಹೆಲಿಕಾಪ್ಟರು ಚಲಿಸುತ್ತದೆ. ಎರಡರ ಆಂಟೆನಾಗಳೂ ಒಂದರ ದೃಷ್ಟಿಯಿಂದ ಇನ್ನೊಂದು ತಪ್ಪಬಾರದು. ರಸ್ತೆಯ ಕುಲುಕಾಟದಿಂದ ಚಿತ್ರ ನಡುಗಬಾರದು. ವಾಹನ ಓಟಗಾರನಿಗೆ ತೀರ ಹತ್ತಿರವಾದರೆ ಅದರ ಹೊಗೆಯನ್ನು ಅವನು ಕುಡಿಯಬೇಕಾದೀತು; ದೂರವಾದರೆ ಅವನ ಮುಖವೇ ಕಾಣದು.

ಅಂದು ಆ ಮುಖ ಇಥಿಯೋಪಿಯದ ಅಬೆಬೆ ಬಿಕಿಲಾನದು. 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದಿದ್ದ ಆತ ಈ ಬಾರಿ ಪಾದರಕ್ಷೆ ತೊಟ್ಟಿದ್ದ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಆರು ವಾರ ತುಂಬಿರಲಿಲ್ಲ. ಆದರೂ ಗಂಟೆಗೆ 19 ಕಿಲೋಮೀಟರಿಗೂ ಮೀರಿದ ಸರಾಸರಿ ವೇಗದಲ್ಲಿ ಓಡಿ, 2 ಗಂಟೆ 12 ನಿಮಿಷ 11.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ. ಬಳಿಕ ಹುಲ್ಲಿನ ಮೇಲೆ ವ್ಯಾಯಾಮವನ್ನೂ ಮಾಡಿದ!

ದೂರದೋಟದ ಪ್ರಸಾರದಲ್ಲಿ ಇನ್ನೊಂದು ತೊಡಕು ಅಡಗಿದೆ. ಮುಂದಾಳನ್ನು ಹಿಂಬಾಲಿಸುವ ಕ್ಯಾಮರಾಗೆ ಉಳಿದವರು ಕಾಣುವುದಿಲ್ಲ. ಬಿಕಿಲಾ ಗುರಿ ಸೇರಿದಾಗ ಎರಡನೆಯ ಸ್ಥಾನಕ್ಕಾಗಿ ಹೆಣಗುತ್ತಿದ್ದವರು ಒಂದು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದ್ದರು. ಕೆಲವು ನಿಮಿಷಗಳ ತರುವಾಯ ಜಪಾನಿನ ಕೊಕಿಚಿ ತ್ಸುಬುರಾಯ ಕ್ರೀಡಾಂಗಣವನ್ನು ಎರಡನೆಯವನಾಗಿ ಪ್ರವೇಶಿಸಿದ. ಸ್ವದೇಶದ ಜನ ಹರ್ಷದಿಂದ ಕೂಗಿದರು. ಆದರೆ ಅವನ ಬೆನ್ನಿಗೇ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಬರುತ್ತಿದ್ದ. ಕೊನೆಯ ಸುತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ, ಹೀಟ್ಲಿ ಮುಂದೆ ಹಾಯ್ದ. 4 ಸೆಕೆಂಡುಗಳಿಗೂ ಕಡಿಮೆ ಅಂತರದಲ್ಲಿ ತ್ಸುಬುರಾಯನ ಬೆಳ್ಳಿ ಕಂಚಾಯಿತು.

ಇಂದು ಉಪಕರಣಗಳು ಬಹುವಾಗಿ ಸುಧಾರಿಸಿವೆ. ಮೋಟರ್ ಸೈಕಲ್ಲುಗಳ ಮೇಲೂ ಕ್ಯಾಮರಾಗಳಿವೆ. ಮೊಬೈಲ್ ಜಾಲದ ಮೂಲಕವೂ ಚಿತ್ರ ಸಾಗುತ್ತದೆ. ಓಟಗಾರನು ಧರಿಸಿದ ಪುಟ್ಟ ಚಿಪ್ ಅವನು ಯಾವ ಘಟ್ಟವನ್ನು ಯಾವಾಗ ದಾಟಿದನೆಂಬುದನ್ನು ತಿಳಿಸುತ್ತದೆ. ಆದರೂ ಮನೆಯ ಪರದೆಯ ಮೇಲೆ ಒಂದು ಕ್ಷಣಕ್ಕೆ ಪ್ರಧಾನವಾಗಿ ನಿಲ್ಲುವುದು ಒಂದೇ ಚಿತ್ರ. ಗೆಲ್ಲುವವನನ್ನು ತೋರಿಸಬೇಕೇ, ಹಿಂದಿನಿಂದ ಮೇಲೇರುತ್ತಿರುವವನನ್ನೇ? ಚಿತ್ರವನ್ನು ಮುಗಿಲಿನ ಹಾದಿಯಿಂದ ಮನೆಗೆ ತಲುಪಿಸುವ ವಿದ್ಯೆ ಯಂತ್ರಕ್ಕೆ ಸಿದ್ಧಿಸಿದೆ. ಯಾರ ಬೆವರನ್ನು ಲೋಕ ಕಾಣಬೇಕೆಂಬ ಹೊಣೆ ಮಾತ್ರ ಇನ್ನೂ ಮನುಷ್ಯನದೇ.