ಅರೆಕಾಲಿಕದ ನೆಪ ಸಾಕು, ಬಾಕಿ ಕೊಡಿ

ಅಂಗನವಾಡಿ ಕೆಲಸ ಅರೆಕಾಲಿಕ, ಕೊಡುವುದು ಗೌರವಧನ, ಹಾಗಾಗಿ ನಿವೃತ್ತಿಯಾದಾಗ ಗ್ರಾಚ್ಯುಟಿ ಇಲ್ಲ. ಗುಜರಾತಿನ ಪ್ರಕರಣದಲ್ಲಿ ಸರ್ಕಾರ ಮಂಡಿಸಿದ ಈ ವಾದವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತಳ್ಳಿಹಾಕಿತು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರಿಗೂ ಅನ್ವಯ ಎಂದ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅವರ ಪೀಠ, ಬಾಕಿಗೆ ಶೇ 10ರ ಸರಳ ಬಡ್ಡಿಯನ್ನೂ ಕೊಡಲು ಹೇಳಿತು. ಇದಾದ ಮೇಲೂ ಯಾವುದೇ ಸರ್ಕಾರ ಅದೇ ನೆಪ ಎತ್ತಿದರೆ ಅದನ್ನು ವಂಚನೆ ಎಂದೇ ಕರೆಯಬೇಕು.

ಮಕ್ಕಳಿಗೆ ಪಾಠ ಮತ್ತು ಊಟ, ತೂಕ ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬುವುದು, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ಲಸಿಕೆ ದಿನದ ಓಡಾಟ, ಮನೆ ಭೇಟಿ, ಸಾಲದ್ದಕ್ಕೆ ಸಮೀಕ್ಷೆ ಮತ್ತು ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೆಲಸ. ಇಷ್ಟನ್ನೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಹೆಗಲಿಗೆ ಹೇರಿ ಅರ್ಧ ದಿನದ ದುಡಿಮೆ ಎನ್ನುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ, ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟೇ 2006ರಲ್ಲಿ ಹೇಳಿತ್ತು. ಆ ತೀರ್ಪು ಗ್ರಾಚ್ಯುಟಿಗೆ ಅಡ್ಡಿಯಲ್ಲ ಎಂಬುದು 2022ರ ತೀರ್ಪಿನಿಂದ ಸ್ಪಷ್ಟವಾಗಿದೆ.

ಬೊಕ್ಕಸ ಬರಿದಾಗುತ್ತದೆ ಎಂಬ ಆತಂಕದಲ್ಲೂ ಹುರುಳಿಲ್ಲ. ಕೇಂದ್ರ 2018ರಲ್ಲಿ ನಿಗದಿಪಡಿಸಿದ ತಿಂಗಳ 4,500 ರೂಪಾಯಿಯನ್ನಷ್ಟೇ ಹಿಡಿದು, ವರ್ಷಕ್ಕೆ 15 ದಿನದಂತೆ ಲೆಕ್ಕ ಹಾಕಿದರೆ 30 ವರ್ಷ ದುಡಿದ ಕಾರ್ಯಕರ್ತೆಗೆ ಸಿಗುವುದು ಸುಮಾರು 78 ಸಾವಿರ. ರಾಜ್ಯದ ಪಾಲು ಸೇರಿದರೆ ಇನ್ನಷ್ಟು ಹೆಚ್ಚಬಹುದು, ಆದರೂ ಒಂದು ಜೀವಮಾನದ ಸೇವೆಗೆ ಇದು ಅತಿ ಕಡಿಮೆ.

ಅರ್ಜಿ ಬರಲಿ ಬಿಡಲಿ, ಉದ್ಯೋಗದಾತನೇ ಲೆಕ್ಕ ಹಾಕಿ 30 ದಿನದೊಳಗೆ ಗ್ರಾಚ್ಯುಟಿ ಕೊಡಬೇಕು ಎಂಬುದು 1972ರ ಕಾಯ್ದೆಯಲ್ಲೇ ಇದ್ದ ನಿಯಮ. ವಯಸ್ಸಾದ ಹೆಂಗಸರನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಅಧಿಕಾರ ಯಾರಿಗೂ ಇಲ್ಲ. ಇಂಥ ದಿನಾಂಕದ ನಂತರ ನಿವೃತ್ತರಾದವರಿಗೆ ಮಾತ್ರ ಎಂಬ ಗೆರೆಯನ್ನೂ ಎಳೆಯುವಂತಿಲ್ಲ; ಸುಪ್ರೀಂ ಕೋರ್ಟಿನಲ್ಲಿ ಗೆದ್ದವರೇ ತೀರ್ಪಿಗೆ ವರ್ಷಗಳ ಮುಂಚೆ ನಿವೃತ್ತರಾಗಿದ್ದರು. ಸರ್ಕಾರಗಳು ಹಳೆಯ ಬಾಕಿಯನ್ನು ಬಡ್ಡಿ ಸಮೇತ ತೀರಿಸಲೇಬೇಕು.